ನೀರು ಕುಡಿದ ಕಾರು ಮತ್ತು ನನ್ನ ಮೂಗು

ಹಳೆ ಕಾರು ಕೊಳ್ಳಲು ಹೋದರೆ ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಹೊರಗೆ ಕಾಣುವ ಎರಡು ಅಡಿಯನ್ನು ಯಾರು ಬೇಕಾದರೂ ಸೋಪು ಹಾಕಿ ತೊಳೆಯುತ್ತಾರೆ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ತೊಳೆಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಅಲ್ಲಿ ಚಹಾದ ಬಣ್ಣದ ಒಂದು ಗೆರೆ ಇದ್ದರೆ ಆ ಕಾರು ನೀರಲ್ಲಿ ನಿಂತಿತ್ತು ಎಂದು ತಿಳಿಯಿರಿ. ಮಾರುವವನು ಏನೇ ಹೇಳಲಿ, ಕೀ ಅವನ ಕೈಗೇ ಕೊಟ್ಟು ಹೊರಟುಬಿಡಿ.

ಇದು ನನಗೆ ಗೊತ್ತಾದದ್ದು ಕಾರು ಕೊಂಡ ಐದು ತಿಂಗಳ ಮೇಲೆ. ಅಷ್ಟರಲ್ಲಿ ನನ್ನ ಕಾರಿನಲ್ಲಿ ಕೂರುವವರು ಯಾರೂ ಉಳಿದಿರಲಿಲ್ಲ.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಒಂದು ಓಣಿಯಲ್ಲಿ ಇಪ್ಪತ್ತೇಳು ವರ್ಷ ಅಂಗಡಿ ನಡೆಸಿದವಳು ನಾನು. ಲೈನಿಂಗ್ ಬಟ್ಟೆ, ಸೀರೆ ಫಾಲ್ಸು, ಹುಕ್ಕು, ಝಿಪ್ಪು. ಶುರು ಮಾಡಿದ್ದು ಬೇರೆಯವರ ಅಂಗಡಿಯ ಮೆಟ್ಟಿಲ ಮೇಲೆ, ಒಂದು ಗಂಟು ಫಾಲ್ಸು ಮುಂದಿಟ್ಟುಕೊಂಡು. ಗಂಡ ಹೋಗಿ ಆಗ ಮೂರು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಚೌಕಾಸಿ ಮಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ, ಮೆಟ್ಟಿಲು ಕಲಿಸಿತು.

ನನ್ನ ಬಂಡವಾಳ ಅಂದರೆ ಮೂಗು. ಬಟ್ಟೆ ತಂದವನು ಅಪ್ಪಟ ಕಾಟನ್ ಎಂದು ಆಣೆ ಹಾಕಿದರೆ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ, ಸುಟ್ಟು ಮೂಸುತ್ತಿದ್ದೆ. ಸುಟ್ಟ ಕಾಗದದ ವಾಸನೆ ಬಂದರೆ ಹತ್ತಿ. ಸುಟ್ಟ ಕೂದಲಿನ ವಾಸನೆ ಬಂದರೆ ರೇಷ್ಮೆ. ಪ್ಲಾಸ್ಟಿಕ್ಕಿನ ಘಾಟು ಬಂದರೆ ಅವನು ಹಾಕಿದ ಆಣೆ ಸುಳ್ಳು. ಎಷ್ಟು ಪಾಲು ಬೆರಕೆ ಎಂದೂ ಹೇಳುತ್ತಿದ್ದೆ. ಅದರಲ್ಲಿ ಅರ್ಧ ಮೂಗು, ಅರ್ಧ ಧೈರ್ಯ. "ಆ ಅಮ್ಮನ ಮೂಗಿಗೆ ಸುಳ್ಳು ಹೇಳಕ್ಕಾಗಲ್ಲ ಗುರು" ಎಂದು ಸಗಟು ವ್ಯಾಪಾರಿಗಳು ತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ನನಗೆ ಕೇಳಿಸುವ ಹಾಗೆ ಆಡಿಕೊಂಡರೆ ಇನ್ನೂ ಎರಡು ರೂಪಾಯಿ ಇಳಿಸುತ್ತಿದ್ದೆ.

ಹೀಗಾಗಿ ಯಾರ ಮನೆಯಲ್ಲಿ ಏನು ಕೊಳ್ಳುವುದಿದ್ದರೂ ನನಗೆ ಫೋನು ಬರುತ್ತಿತ್ತು. ಮದುವೆ ಸೀರೆ, ಫ್ರಿಜ್ಜು, ಮಂಚ, ಒಂದು ಸಲ ಸೈಟು ಕೂಡ. "ನೀವು ಬಂದು ನಿಂತ್ರೆ ಸಾಕು" ಅನ್ನುತ್ತಿದ್ದರು. ನಿಲ್ಲುತ್ತಿದ್ದೆ. ಮುಖ ಕಿವುಚುತ್ತಿದ್ದೆ. ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಆಮೇಲೆ ಎಲ್ಲರೂ ಸೇರಿ ಎಲ್ಲಾದರೂ ದೋಸೆ ತಿನ್ನುವುದು, ನನ್ನನ್ನು ಮನೆ ತನಕ ಬಿಡುವುದು. ಕೊಳ್ಳುವುದು ಏನೂ ಇಲ್ಲದ ದಿನ ನನ್ನ ಫೋನು ಹೊಡೆದುಕೊಳ್ಳುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ, ಆದರೆ ಅದರ ಬಗ್ಗೆ ಯೋಚಿಸಲು ಅಂಗಡಿ ಬಿಡುತ್ತಿರಲಿಲ್ಲ.

ಕೊರೊನಾ ಎರಡನೇ ಸಲ ಬಂದಾಗ ನನಗೂ ಜ್ವರ ಬಂತು. ಹನ್ನೆರಡು ದಿನಕ್ಕೆ ಜ್ವರ ಹೋಯಿತು, ವಾಸನೆಯನ್ನೂ ಜೊತೆಗೆ ಒಯ್ದಿತು. ಎಲ್ಲರಿಗೂ ಒಂದೆರಡು ತಿಂಗಳಲ್ಲಿ ವಾಪಸ್ಸು ಬಂತಂತೆ, ನನಗೆ ಬರಲಿಲ್ಲ. ಹಾಲು ಒಡೆದದ್ದು ಬಾಯಿಗಿಟ್ಟ ಮೇಲೆ ಗೊತ್ತಾಗುತ್ತಿತ್ತು. ಒಗ್ಗರಣೆ ಸೀದದ್ದು ಹೊಗೆ ಕಂಡ ಮೇಲೆ. ಅಂಗಡಿಯಲ್ಲಿ ಆರು ತಿಂಗಳು ಎಳೆ ಸುಟ್ಟು, ಮೂಗಿನ ಹತ್ತಿರ ಹಿಡಿದು, ಎದುರಿನವನ ಮುಖ ನೋಡಿ ತೀರ್ಪು ಕೊಟ್ಟೆ. ಒಂದು ದೊಡ್ಡ ಲಾಟು ಬೆರಕೆ ಬಟ್ಟೆ ಕಾಟನ್ ದರಕ್ಕೆ ತಗೊಂಡ ದಿನ ಅಂಗಡಿ ಬಿಟ್ಟುಕೊಡಲು ನಿರ್ಧರಿಸಿದೆ. ಎಲ್ಲರಿಗೂ ಮಂಡಿನೋವು ಅಂದೆ. ಮೂಗಿನ ವಿಷಯ ಒಬ್ಬರಿಗೂ ಹೇಳಲಿಲ್ಲ. ಮೂಗು ಹೋದವಳನ್ನು ಯಾರು ಕರೆದುಕೊಂಡು ಹೋಗುತ್ತಾರೆ, ನೀವೇ ಹೇಳಿ.

ಜೀವನ್ ಬಿಮಾ ನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಅಂಗಡಿ ಹೋದ ಮೇಲೆ ದಿನ ಎಷ್ಟು ಉದ್ದ ಎಂದು ಮೊದಲ ಸಲ ತಿಳಿಯಿತು. ಬೆಳಿಗ್ಗೆ ಹತ್ತಕ್ಕೆ ಸೀರೆ ಉಟ್ಟು ಸಿದ್ಧಳಾಗಿ ಕೂರುತ್ತಿದ್ದೆ, ಅಭ್ಯಾಸ. ಹೋಗಬೇಕಾದ ಜಾಗ ಮಾತ್ರ ಇರಲಿಲ್ಲ. ಈ ನಡುವೆ ಜನ ಎಲ್ಲವನ್ನೂ ಫೋನಿನಲ್ಲೇ ಕೊಳ್ಳುತ್ತಾರೆ, ಫೋನಿನ ಜೊತೆ ಚೌಕಾಸಿ ಮಾಡುವ ಹಾಗಿಲ್ಲ. ಹಾಗಾಗಿ ನನ್ನನ್ನು ಕರೆಯುವವರೂ ಕಡಿಮೆಯಾದರು.

ಹತ್ತಿರದವರೆಂದು ಉಳಿದವರು ಇಬ್ಬರು. ಒಬ್ಬರು ಕೆಳಗಿನ ಮನೆಯ ಮಾಮಿ, ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಪ್ರತಿ ಸೋಮವಾರ ಹಲಸೂರಿನ ದೇವಸ್ಥಾನಕ್ಕೆ ಹೋಗುತ್ತಾರೆ. ಇನ್ನೊಬ್ಬರು ನನ್ನ ಅಂಗಡಿಯ ಪಕ್ಕ ಜರಿ, ಲೇಸು ಮಾರುತ್ತಿದ್ದ ಆಪಾ. ಮನೆ ಫ್ರೇಜರ್ ಟೌನು. ಇಪ್ಪತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವರು ನಾವು. ಅವರಿಗೆ ನಾನು ಅಕ್ಕ, ನನಗೆ ಅವರು ಆಪಾ, ಯಾರು ದೊಡ್ಡವರು ಎಂದು ಇಬ್ಬರೂ ಇವತ್ತಿನವರೆಗೆ ಒಪ್ಪಿಕೊಂಡಿಲ್ಲ. ಗುರುವಾರ ಅವರು ಶಿವಾಜಿನಗರಕ್ಕೆ ಸಾಮಾನು ತರಲು ಹೋಗುತ್ತಾರೆ.

ಒಂದು ಕಾರಿದ್ದರೆ ಸೋಮವಾರ ಮಾಮಿ, ಗುರುವಾರ ಆಪಾ ಎಂದು ಲೆಕ್ಕ ಹಾಕಿದೆ. ಅಂಗಡಿಯ ಹಳೆ ವ್ಯಾನನ್ನು ವರ್ಷಗಟ್ಟಲೆ ನಾನೇ ಓಡಿಸಿದ್ದೆ, ಓಡಿಸುವುದೇನೂ ಹೊಸದಲ್ಲ. ಯಾರ ಮುಂದೂ ಹೀಗೆ ಹೇಳಲಿಲ್ಲ, ಮಂಡಿನೋವಿಗೆ ಕಾರು ಬೇಕು ಅಂದೆ. ಬೇಕಾಗಿದ್ದದ್ದು ಪಕ್ಕದ ಸೀಟಿನಲ್ಲಿ ಒಂದು ಜೀವ.

ಕೆ.ಆರ್. ಪುರ ದಾಟಿದ ಮೇಲೆ ಹಳೇ ಮದ್ರಾಸ್ ರಸ್ತೆಯಲ್ಲಿ ಹಳೆ ಕಾರು ಮಾರುವ ಅಂಗಳಗಳು ಸಾಲಾಗಿವೆ. ಅದರಲ್ಲೊಂದಕ್ಕೆ ಒಬ್ಬಳೇ ಹೋದೆ. ಬಿಳಿ ಬಣ್ಣದ ಸಣ್ಣ ಕಾರು. ಮುಂದಿನ ಗಾಜಿನ ಮೇಲೆ ಒಂದು ರಟ್ಟಿನ ಬೋರ್ಡು: "ಒಬ್ಬರೇ ಮಾಲೀಕರು. ಆಕ್ಸಿಡೆಂಟ್ ಆಗಿಲ್ಲ. ನೀರಿಗೆ ಬಿದ್ದಿಲ್ಲ. 3,80,000." ಮಾರುವ ಹುಡುಗಿ ಚುರುಕಾಗಿದ್ದಳು, ಬಾಗಿಲುಗಳನ್ನೆಲ್ಲ ತೆಗೆದು ತೋರಿಸಿದಳು. ನಾನು ನನ್ನ ಹಳೆಯ ಆಟಕ್ಕಿಳಿದೆ. ಕಾಲಡಿಯ ಮ್ಯಾಟು ಎತ್ತಿದೆ. ಮೂಗಿನ ಹತ್ತಿರ ತಂದೆ. ಮುಖ ಕಿವುಚಿದೆ.

"ಏನಮ್ಮಾ ಇದು, ನೀರಲ್ಲಿ ನಿಂತ ಗಾಡಿ ಅಲ್ವಾ?"

ಆಣೆ ಮಾಡಿ ಹೇಳುತ್ತೇನೆ, ನನಗೆ ಏನೂ ವಾಸನೆ ಬಂದಿರಲಿಲ್ಲ. ಬರುವಂತಿರಲಿಲ್ಲ. ಬೆಲೆ ಇಳಿಸಲು ಎಲ್ಲ ಅಂಗಡಿಯಲ್ಲೂ ಆಡುವ ಮಾತು ಅದು. ಸೀರೆಗೆ ಬಣ್ಣ ಹೋಗುತ್ತೆ ಅನ್ನುತ್ತೇವೆ, ಮಂಚಕ್ಕೆ ಗೆದ್ದಲು ಅನ್ನುತ್ತೇವೆ.

ಹುಡುಗಿ ತಿರುಗಿ ಒಳಗಿನ ಗಾಜಿನ ಕೋಣೆಯತ್ತ ನೋಡಿದಳು. ಮಾಲೀಕರು ತಾವೇ ಎದ್ದು ಬಂದರು, ಉಂಗುರ ತಿರುಗಿಸುತ್ತಾ.

"ಮೇಡಂ, ದೊಡ್ಡವರು ನೀವು, ನಿಮ್ಮ ಹತ್ರ ಯಾಕೆ ಮಾತು. ಒಂದೇ ಮಾತಲ್ಲಿ ಮುಗಿಸ್ಬಿಡೋಣ. ನಲ್ವತ್ತು ಬಿಟ್ಬಿಡ್ತೀನಿ."

ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಇಪ್ಪತ್ತು ಸಾವಿರ. ಅದಕ್ಕೂ ಅರ್ಧ ದಿನ ಬೇಕು ಅಂದುಕೊಂಡಿದ್ದೆ. ನಾವು ಕೇಳುವುದಕ್ಕೆ ಮೊದಲೇ ಬೆಲೆ ಇಳಿಸುವವನಿಂದ ಏನನ್ನೂ ಕೊಳ್ಳಬಾರದು. ಎಷ್ಟು ಜನರಿಗೆ ನಾನೇ ಇದನ್ನು ಹೇಳಿಕೊಟ್ಟಿಲ್ಲ! ಅವತ್ತು ನನಗೆ ಅದು ನೆನಪಾಗಲಿಲ್ಲ. ನೆನಪಾದದ್ದು ಏನೆಂದರೆ, ಮೂಗಿಲ್ಲದೆಯೂ ನನ್ನ ಮೂಗು ಕೆಲಸ ಮಾಡಿತು ಎಂಬುದು. ಮೂರು ವರ್ಷದಲ್ಲಿ ಅಷ್ಟು ಸಂತೋಷವಾಗಿರಲಿಲ್ಲ. ಬೋರ್ಡಿನ ಮೇಲಿನ 3,80,000 ಅನ್ನು ಅವರು ಸ್ಕೆಚ್ ಪೆನ್ನಿನಲ್ಲಿ ಹೊಡೆದು 3,40,000 ಎಂದು ಬರೆದಾಗ ಅದರ ಫೋಟೋ ತೆಗೆದು ಆಪಾಗೆ ವಾಟ್ಸಾಪ್ ಮಾಡಿದೆ. ಕೆಳಗೆ ಬರೆದೆ: "ಎರಡು ನಿಮಿಷದಲ್ಲಿ!" ಆಪಾ ಐದು ಚಪ್ಪಾಳೆ ಕಳಿಸಿದರು.

ಡೆಲಿವರಿ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ, ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಪರೀಕ್ಷಿಸಿ ತೃಪ್ತಿಯಿಂದ ಪಡೆದಿದ್ದೇನೆ ಎಂದಿತ್ತು. ಸಹಿ ಹಾಕಿದೆ. ನೀವು ಹಾಕುವ ಮುಂಚೆ ಓದಿ. ಹಾಕಿಬಿಟ್ಟಿದ್ದರೂ ಎದೆಗೆಡಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಸೋಮವಾರ ಮಾಮಿ ಸಡಗರದಿಂದ ಹತ್ತಿದರು. ಇಂದಿರಾನಗರದ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಗಾಜು ಪೂರ್ತಿ ಇಳಿಸಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. "ಧೂಳು ಕಣ್ರೀ" ಅಂದರು. ಹಾಗಾದರೆ ಗಾಜು ಏರಿಸಿ ಅಂದೆ. "ಬೇಡ ಬೇಡ, ಗಾಳಿ ಬೇಕು" ಅಂದರು. ದೇವಸ್ಥಾನದಿಂದ ಬರುವಾಗ ಮೂರು ಮೊಳ ಮಲ್ಲಿಗೆ ಕೊಂಡು ಡ್ಯಾಶ್‌ಬೋರ್ಡಿನ ಉದ್ದಕ್ಕೂ ಹರಡಿದರು. ಹೊಸ ಗಾಡಿಗೆ ಹೂವು, ಎಷ್ಟು ಪ್ರೀತಿ ಎಂದುಕೊಂಡೆ. ಗುರುವಾರ ಆಪಾ ಬಂದವರೇ ಪರ್ಸಿನಿಂದ ಅತ್ತರಿನ ಸಣ್ಣ ಬಾಟ್ಲಿ ತೆಗೆದು ಸೀಟಿಗೆಲ್ಲ ಚಿಮುಕಿಸಿದರು. "ಬರ್ಕತ್ ಬರ್ಲಿ ಅಕ್ಕಾ" ಅಂದು ಬಾಟ್ಲಿಯನ್ನು ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇಟ್ಟರು. ಅದೂ ಪ್ರೀತಿಯೇ ಅಂದುಕೊಂಡೆ.

ಮೂರನೇ ಸೋಮವಾರ ಮಾಮಿಗೆ ಮೊಮ್ಮಗನ ಜೊತೆ ಸ್ಕೂಟರಿನಲ್ಲಿ ಹೋಗುವುದಿತ್ತು. ನಾಲ್ಕನೆಯದಕ್ಕೆ ತಲೆನೋವು. ಆಪಾಗೆ ಗುರುವಾರ ಬದಲು ಬುಧವಾರ ಸಾಮಾನು ತರುವುದಾಯಿತು, ಬುಧವಾರ ಬರುತ್ತೇನೆ ಅಂದರೆ ಮಂಗಳವಾರ ತಂದುಬಿಟ್ಟೆ ಅಂದರು. ಒಂದು ದಿನ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಚೀಲ ಹೊತ್ತು ಆಟೋದವನ ಜೊತೆ ವಾದಿಸುತ್ತಾ ನಿಂತಿದ್ದ ಆಪಾ ಕಂಡರು. ಹಾರ್ನ್ ಮಾಡಿದೆ. ನನ್ನ ಕಡೆ ನೋಡಿದರು. ನೋಡಿದ್ದು ನಿಜ, ಕಣ್ಣಿಗೆ ಕಣ್ಣು ಸಿಕ್ಕಿತು. ತಕ್ಷಣ ಅವನು ಕೇಳಿದ ದರಕ್ಕೇ ಒಪ್ಪಿ ಆಟೋ ಹತ್ತಿದರು. ಆಟೋದವನು ಕೇಳಿದ ದರಕ್ಕೆ ಆಪಾ ಒಪ್ಪಿದ್ದನ್ನು ಜೀವಮಾನದಲ್ಲಿ ನೋಡಿರಲಿಲ್ಲ. ಹಿಂದಿನವರು ಹಾರ್ನ್ ಮಾಡುತ್ತಿದ್ದರು, ನಾನು ಗಾಡಿ ಮುಂದೆ ಬಿಟ್ಟೆ.

ನಾನೇನು ಅಂದೆ, ಏನು ಮಾಡಿದೆ ಎಂದು ಹಳೆಯ ಮಾತುಗಳನ್ನೆಲ್ಲ ಕೆದಕಿದೆ. ಒಬ್ಬಳೇ ಕಾರಿನಲ್ಲಿ ಹಲಸೂರು ಕೆರೆಯವರೆಗೆ ಹೋಗಿ, ನಿಲ್ಲಿಸಿ, ಗಾಜಿನ ಹಿಂದೆ ಅರ್ಧ ಗಂಟೆ ಕೂತು ವಾಪಸ್ಸು ಬರುತ್ತಿದ್ದೆ. ನನ್ನ ಜೊತೆ ಕೊಳ್ಳಲು ಬರುತ್ತಾರೆ, ಕೂರಲು ಬರುವುದಿಲ್ಲ ಎಂದು ಆ ದಿನಗಳಲ್ಲಿ ತೀರ್ಮಾನಿಸಿಕೊಂಡೆ.

ಅಷ್ಟರಲ್ಲಿ ಮಳೆ ಶುರುವಾಯಿತು. ಗಾಜು ಇಳಿಸಿದರೆ ಏರುತ್ತಿರಲಿಲ್ಲ. ಹಿಂದಿನ ದೀಪ ತಾನಾಗಿ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡು ಗಾಡಿ ನಿಂತುಬಿಟ್ಟಿತು. ಹಿಂದೆ ಮೂರು ಬಸ್ಸು, ಒಂದು ಸಿಮೆಂಟಿನ ಲಾರಿ. ಲಾರಿಯವನು ತಲೆ ಹೊರಗೆ ಹಾಕಿದ.

"ಏನಮ್ಮಾ, ಮನೇಲಿ ಯಾರೂ ಇಲ್ವಾ? ಒಬ್ಳನ್ನೇ ಗಾಡಿ ಕೊಟ್ಟು ಕಳ್ಸವ್ರೆ!"

"ಇಲ್ಲ ಕಣಪ್ಪ, ಯಾರೂ ಇಲ್ಲ" ಅಂದೆ.

ತಮಾಷೆಗೆ ತಿರುಗೇಟು ಕೊಡುವ ಹಾಗೆ ಹೇಳಬೇಕೆಂದಿದ್ದೆ. ದನಿ ಬೇರೆ ಥರ ಬಂತು. ಅವನು ಇಳಿದು ಬಂದು, ಇನ್ನಿಬ್ಬರನ್ನು ಕರೆದು, ಗಾಡಿಯನ್ನು ಪಕ್ಕಕ್ಕೆ ತಳ್ಳಿಕೊಟ್ಟು ಹೋದ.

ಎಳೆಸಿಕೊಂಡು ಹಲಸೂರಿನ ಮೆಕ್ಯಾನಿಕ್ ಹತ್ತಿರ ತಂದೆ. ನನ್ನ ವ್ಯಾನನ್ನು ಹದಿನೈದು ವರ್ಷ ನೋಡಿಕೊಂಡವರು. ಬಾಗಿಲು ತೆಗೆದವರೇ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ಅಮ್ಮಾ! ಇದರಲ್ಲಿ ಹೆಂಗೆ ಕೂತ್ಕೋತೀರಾ? ಚರಂಡಿ ವಾಸನೆ ಹೊಡೀತಾ ಇದೆ. ಹೂವು ಕೊಳೆತಿದೆ, ಅತ್ತರ್ ಹಾಕಿದೀರಾ, ಅದರ ಕೆಳಗೆ ಚರಂಡಿ."

ಅತ್ತರು, ಮಲ್ಲಿಗೆ, ಸೆರಗು, ಆಟೋ ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಐದು ತಿಂಗಳಿಂದ ಕಾರಿನ ತುಂಬ ಇದ್ದದ್ದು, ಹತ್ತಿದವರಿಗೆಲ್ಲ ಮೊದಲ ನಿಮಿಷಕ್ಕೇ ಗೊತ್ತಾದದ್ದು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಅವರು ಕಾರ್ಪೆಟ್ ಎತ್ತಿ ತೋರಿಸಿದರು, ಕೆಳಗೆ ಒಣಗಿದ ಕೆಸರು. ಸೀಟಿನ ಬೋಲ್ಟುಗಳೆಲ್ಲ ತುಕ್ಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಆ ಚಹಾ ಬಣ್ಣದ ಗೆರೆ. "ಇದನ್ನ ನಾನು ಕೈ ಮುಟ್ಟಲ್ಲ ಅಮ್ಮ" ಅಂದರು. "ಮುಟ್ಟಿದ್ರೆ ನಾಳೆ ಮಾರಿದೋನು ಮೆಕ್ಯಾನಿಕ್ಕೇ ಹಾಳು ಮಾಡಿದ ಅಂತಾನೆ. ಮೊದ್ಲು ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಬರೆಸ್ಕೊಳ್ಳಿ." ಇಷ್ಟು ಒಳ್ಳೆಯ ಸಲಹೆಯನ್ನು ನಾನೇ ಯಾರಿಗೂ ಕೊಟ್ಟಿರಲಿಲ್ಲ. ನೀವೂ ಹಾಗೇ ಮಾಡಿ: ರಿಪೇರಿಗೆ ಮೊದಲು ಫೋಟೋ ತೆಗೆಯಿರಿ, ಲಿಖಿತ ವರದಿ ತಗೊಳ್ಳಿ, ಆಮೇಲೆ ಸ್ಕ್ರೂ ಬಿಚ್ಚಿಸಿ.

ಸರ್ವೀಸ್ ಸೆಂಟರಿನ ವರದಿ ಹಿಡಿದು ಕಾರು ಕೊಂಡ ಅಂಗಳಕ್ಕೆ ಹೋದೆ. ಮಾಲೀಕರು ಎದ್ದು ಕುರ್ಚಿ ಕೊಟ್ಟರು, ಟೀ ತರಿಸಿದರು. ನನ್ನ ಮಾತೆಲ್ಲ ಕೇಳಿ ನಕ್ಕರು.

"ಮೇಡಂ, ನೀರಲ್ಲಿ ನಿಂತ ಗಾಡಿ ಅಂತ ನೀವೇ ಹೇಳಿದ್ರಲ್ಲ. ಮೂಸಿ ನೋಡಿ ಹೇಳಿದ್ರಿ. ಅದಕ್ಕೇ ತಾನೇ ನಲ್ವತ್ತು ಬಿಟ್ಟಿದ್ದು? ಗೊತ್ತಿದ್ದೇ ತಗೊಂಡು ಈಗ ಬಂದ್ರೆ ಹೆಂಗೆ?"

ಮೆಟ್ಟಿಲ ಮೇಲೆ ಕೂತ ದಿನದಿಂದ ಅವತ್ತಿನವರೆಗೆ ಯಾವ ವ್ಯಾಪಾರಿಯ ಮುಂದೆಯೂ ಬಾಯಿಕಟ್ಟಿ ಕೂತವಳಲ್ಲ ನಾನು. ಟೀ ಕುಡಿದು ಎದ್ದು ಬಂದೆ.

ಮಾಮಿ ಮನೆಯ ಬಾಗಿಲು ತಟ್ಟಿದೆ. ಕಾರು ಕೆಟ್ಟಿತು ಎಂದಷ್ಟೇ ಹೇಳಿದೆ, ಮೂಗಿನ ಮಾತೆತ್ತಲಿಲ್ಲ. ಅವರಿಗೆ ಕಚೇರಿಯ ಹಳೇ ಹುರುಪು ಬಂತು, ಕನ್ನಡಕ ಏರಿಸಿದರು. ಗಾಡಿಯ ಕಾಗದದ ಜೊತೆ ಹಿಂದಿನ ಮಾಲೀಕರ ಹಳೆ ಪಾಲಿಸಿಯ ಪ್ರತಿ ಇತ್ತು. ಆ ನಂಬರು ಕೊಟ್ಟು ವಿಮಾ ಕಂಪನಿಗೆ ಪತ್ರ ಬರೆಸಿದರು. ಮೂರು ವಾರಕ್ಕೆ ಉತ್ತರ ಬಂತು: ಪ್ರವಾಹದ ನೀರು ಹೊಕ್ಕು ಪೂರ್ತಿ ನಷ್ಟ ಎಂದು ಹಣ ಕೊಟ್ಟು, ಹರಾಜಿಗೆ ಬಿಟ್ಟ ಗಾಡಿ. ಮಾರಿದವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹದಿನೈದು ದಿನದ ನೋಟಿಸು ಕಳಿಸಿದೆವು. ಅದಕ್ಕೆ ಅವರ ವಕೀಲರು ಬರೆದದ್ದೂ ಅದನ್ನೇ, ಗ್ರಾಹಕರು ನೀರಿನ ವಿಷಯ ತಿಳಿದೇ ಬೆಲೆ ಇಳಿಸಿಕೊಂಡಿದ್ದಾರೆ ಎಂದು.

"ನೋಡ್ರೀ, ನೀರಲ್ಲಿ ನಿಂತಿದ್ದು ಹೌದು ಅಂತ ಅವರೇ ಒಪ್ಪಿಕೊಂಡ ಹಾಗಾಯ್ತು" ಅಂದರು ಮಾಮಿ. "ಇನ್ನು ಉಳಿದಿದ್ದು ಒಂದೇ. ನಿಮಗೆ ಗೊತ್ತಿತ್ತಾ, ಇರಲಿಲ್ವಾ? ಗೊತ್ತಿಲ್ಲದೆ ಯಾಕ್ರೀ ಹಂಗಂದ್ರಿ?"

"ಸುಮ್ಮನೆ ಅಂದೆ."

"ವಾಸನೆ ಬಂದಿರಲೇಬೇಕಲ್ರೀ. ನಂಗೇ ಅಷ್ಟು ಬಂತು, ನಿಮ್ಮ ಮೂಗಿಗೆ ಬರಲಿಲ್ಲ ಅಂದ್ರೆ ಯಾರು ನಂಬ್ತಾರೆ?"

ಅದೇ ತೊಡಕು. ಮೂಗಿಲ್ಲ ಎಂದು ಹೇಳದೆ ಗೆಲ್ಲುವ ದಾರಿ ಇರಲಿಲ್ಲ. ಹೇಳಿದರೆ, ಬೆಲೆ ಇಳಿಸಲು ನನ್ನನ್ನು ಕರೆಯುತ್ತಿದ್ದ ಕೊನೆಯ ನಾಲ್ಕು ಜನಕ್ಕೂ ಗೊತ್ತಾಗುತ್ತದೆ. ಎರಡು ದಿನ ಫೋನು ಮುಂದಿಟ್ಟುಕೊಂಡು ಕೂತೆ. ಎರಡು ದಿನದಲ್ಲಿ ಅದು ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಸರಿ, ಕಳೆದುಕೊಳ್ಳುವುದಕ್ಕೆ ಏನಿದೆ ಎಂದು ಎದ್ದೆ. ಆಮೇಲೆ ಗೊತ್ತಾಯಿತು, ಇತ್ತು.

ಕಿವಿ-ಮೂಗಿನ ಡಾಕ್ಟರ ಹತ್ತಿರ ಸರ್ಟಿಫಿಕೇಟಿಗೆ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಣ್ಣ ಸಣ್ಣ ಬಾಟ್ಲಿಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದರು. ಮೊದಲನೆಯದಕ್ಕೆ "ಕಾಫಿ" ಅಂದೆ, ಸರಿಯಾಯಿತು. ಎರಡನೆಯದಕ್ಕೆ "ಲವಂಗ" ಅಂದೆ, ಅದೂ ಸರಿ. ಡಾಕ್ಟರು ನನ್ನನ್ನೇ ನೋಡಿದರು.

"ಅಮ್ಮ, ನೀವು ಬಾಟ್ಲಿ ಮೂಸ್ತಾ ಇಲ್ಲ, ನನ್ನ ಮುಖ ಓದ್ತಾ ಇದೀರ. ಬೆರಳ ತುದೀಲಿ ಪುಡಿ ಅಂಟಿರೋದೂ ಕಾಣಿಸ್ತಲ್ವಾ? ಕಣ್ಣು ಮುಚ್ಚಿ."

ಸರ್ಟಿಫಿಕೇಟು ಬೇಕೆಂದು ಬಂದವಳು ಅಲ್ಲೂ ಗೆಲ್ಲಲು ನೋಡಿದ್ದೆ! ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ಬಾಟ್ಲಿ ಬಂತೋ ಹೋಯಿತೋ ಅದೂ ತಿಳಿಯಲಿಲ್ಲ. "ಗೊತ್ತಿಲ್ಲ" ಅಂದೆ. "ಇದು?" "ಗೊತ್ತಿಲ್ಲ." ಹತ್ತು ಸಲ ಹೇಳಿದೆ. ಬೇರೆಯವರ ಮುಂದೆ ಅಷ್ಟು ಸಲ ಆ ಮಾತು ಹೇಳಿದ್ದು ಅದೇ ಮೊದಲು.

ಇನ್ನೊಂದು ಬೇಕಿತ್ತು. ಆ ಬೋರ್ಡಿನ ಫೋಟೋ ನನ್ನ ಹಳೆ ಫೋನಿನ ಜೊತೆ ಹೋಗಿತ್ತು, ಉಳಿದದ್ದು ಆಪಾ ಹತ್ತಿರ ಮಾತ್ರ. ಫೋಟೋ ಬಂದ ದಿನ, ಮತ್ತು ಕಾರಿನಲ್ಲಿ ವಾಸನೆ ಇತ್ತು ಎಂಬುದು, ಎರಡಕ್ಕೂ ಅವರ ಪ್ರಮಾಣಪತ್ರ ಬೇಕಿತ್ತು. ಫ್ರೇಜರ್ ಟೌನಿಗೆ ಬಸ್ಸಿನಲ್ಲಿ ಹೋದೆ.

ಆಪಾ ಮಂಚದ ಮೇಲೆ ಬಟಾಣಿ ಬಿಡಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ತೌಬಾ! ನಿಮ್ಗೆ ವಾಸ್ನೆ ಬರ್ತಿರ್ಲಿಲ್ವಾ ಅಕ್ಕಾ? ನಾನು ಅಂದ್ಕೊಂಡೆ, ಕಮ್ಮಿಗೆ ಸಿಕ್ತು ಅಂತ ಸಹಿಸ್ಕೊಂಡಿದಾರೆ ಅಂತ. ಎರಡೇ ನಿಮಿಷ ಅಂತ ಅಷ್ಟು ಖುಷೀಲಿ ಹೇಳಿದ್ರಿ. ನಿಮ್ಮ ಗಾಡಿ ಗಬ್ಬು ನಾರ್ತದೆ ಅಂತ ಹೆಂಗೆ ಹೇಳೋದು? ಆಟೋ ಹತ್ತಿದ ದಿನ ಮನೇಗ್ ಬಂದು ಅತ್ತೆ ನಾನು."

ಇಬ್ಬರೂ ನಕ್ಕೆವು, ಕಣ್ಣು ಒರೆಸಿಕೊಂಡೆವು. ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡೆ. ಆಪಾ ಎರಡು ಬಟಾಣಿ ಬಿಡಿಸಿ ಮತ್ತೆ ನಿಲ್ಲಿಸಿದರು.

"ಯಾವಾಗಿಂದ ಇಲ್ಲ ವಾಸ್ನೆ?"

"ಜ್ವರ ಬಂದಾಗಿಂದ. ಮೂರು ವರ್ಷದ ಮೇಲಾಯ್ತು."

"ರಂಜಾನ್ ಹಬ್ಬಕ್ಕೆ ಬಂದ್ರಿ. ಶಾವಿಗೆ ಶೀರ್ ಖುರ್ಮಾದ ಮುಚ್ಚಳ ತೆಗ್ದು ಮೂಸಿ, ವಾಹ್ ಆಪಾ, ಈ ಸಲ ಏಲಕ್ಕಿ ಜಾಸ್ತಿ ಬಿದ್ದಿದೆ ಅಂದ್ರಿ. ಮೂರು ಹಬ್ಬ."

ಸಿಪ್ಪೆಯಲ್ಲಿ ಉಳಿದಿದ್ದ ಒಂದು ಬಟಾಣಿ ಹೆಕ್ಕಿದೆ.

"ಅದನ್ನೂ ನನ್ನ ಮುಖ ನೋಡಿ ಹೇಳಿದ್ದಾ?"

ಅವರ ಕೈ ಮತ್ತೆ ಬಟಾಣಿಗೆ ಹೋಯಿತು. "ಅಂಗಡೀಲಿ ಗಿರಾಕಿಗೆ ಹೇಳ್ತಿದ್ರಿ, ಸರಿ. ನಾನು ಗಿರಾಕಿನಾ ಅಕ್ಕಾ?"

ಮರುದಿನ ಶಿವಾಜಿನಗರದಲ್ಲಿ ನೋಟರಿ ಹತ್ತಿರ ಬಂದು ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಟ್ಟರು. ಫೋಟೋವನ್ನೂ ಹುಡುಕಿ ಕೊಟ್ಟರು. ಟೀಗೆ ಕರೆದೆ, ಮನೆಯಲ್ಲಿ ಕೆಲಸವಿದೆ ಅಂದರು. ಈ ಸಲ ಅದು ವಾಸನೆಯ ನೆಪವಲ್ಲ ಎಂದು ನನಗೂ ಗೊತ್ತಿತ್ತು.

ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆ ಹೋಗಬಹುದು, ನಾನು ಹಾಗೇ ಹೋದೆ. ಕೊಂಡ ಊರಿನಲ್ಲೇ ದೂರು ಕೊಡಬೇಕೆಂದಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೂ ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಹಳೆ ಮಾಲು ಎಂದರೆ ಹಕ್ಕಿಲ್ಲ ಎಂದು ಹೆದರಿಸುವವರನ್ನು ನಂಬಬೇಡಿ. ವ್ಯಾಪಾರಿ ಹಣ ತಗೊಂಡು ಮಾರಿದ್ದರೆ, ಹಳೆಯದಾದರೂ ಸುಳ್ಳು ಹೇಳಿ ಮಾರುವ ಹಾಗಿಲ್ಲ. ತಾರೀಖು ಮುಂದಕ್ಕೆ ಹೋಗುತ್ತದೆ, ಎರಡು ಸಲ, ಮೂರು ಸಲ. ಹೋಗಿ ಕೂರಬೇಕು. ನನಗೆ ಅದು ಕಷ್ಟವಾಗಲಿಲ್ಲ. ಹತ್ತು ಗಂಟೆಗೆ ಸೀರೆ ಉಟ್ಟು ಹೋಗಲು ಒಂದು ಜಾಗ ಸಿಕ್ಕಿತ್ತು.

ಎದುರು ಕಡೆಯ ವಕೀಲರು ಮಾತಾಡಿದ ದಿನ, ಈಕೆ ಇಪ್ಪತ್ತೇಳು ವರ್ಷದ ವ್ಯಾಪಾರಿ, ಮೂಗಿನಿಂದಲೇ ಬಟ್ಟೆ ಪರೀಕ್ಷಿಸುವವರೆಂದು ಪ್ರಸಿದ್ಧರು, ಇವರಿಗೆ ಯಾರಾದರೂ ಮೋಸ ಮಾಡಲು ಸಾಧ್ಯವೇ ಎಂದರು. ನನ್ನ ಬಗ್ಗೆ ಅಷ್ಟು ಹೊಗಳಿಕೆ ಎಲ್ಲಿಯೂ ಕೇಳಿರಲಿಲ್ಲ. ನನ್ನ ಸರದಿ ಬಂದಾಗ ಎದ್ದು ನಿಂತೆ.

"ಸ್ವಾಮಿ, ಅವರು ಹೇಳಿದ್ದು ಹಿಂದೆ ನಿಜ. ಈಗ ನನಗೆ ವಾಸನೆ ಇಲ್ಲ, ಡಾಕ್ಟರ ಕಾಗದ ಕೊಟ್ಟಿದೀನಿ. ಮ್ಯಾಟು ಮೂಸಿದ್ದು ನಾಟಕ. ಬೆಲೆ ಇಳಿಸೋಕೆ ಸುಳ್ಳು ಹೇಳಿದೆ. ನನ್ನ ಸುಳ್ಳು ನಿಜ ಅಂತ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ತಿರುಗಿ ನೋಡಲಿಲ್ಲ.

ಒಂದು ವರ್ಷ ಹಿಡಿಯಿತು. ಆದೇಶ ನನ್ನ ಕಡೆ ಬಂತು. ಅದರಲ್ಲಿ ಬರೆದದ್ದು ಇಷ್ಟು: ನೀರಿಗೆ ಬಿದ್ದಿಲ್ಲ ಎಂದು ಬೋರ್ಡು ಹಾಕಿದವರು ಅವರು. ಗಿರಾಕಿ ಚೌಕಾಸಿಯಲ್ಲಿ ಆಡಿದ ಮಾತು ಮಾರುವವರು ನಿಜ ಹೇಳಿದ್ದಕ್ಕೆ ಸಮವಾಗುವುದಿಲ್ಲ. ಇದ್ದ ಸ್ಥಿತಿಯಲ್ಲಿ ಎಂಬ ಸಹಿ ಮುಚ್ಚಿಟ್ಟ ದೋಷವನ್ನು ಕ್ಷಮಿಸುವುದಿಲ್ಲ. ಕಾರು ವಾಪಸ್ಸು ಪಡೆದು ಹಣ ಹಿಂತಿರುಗಿಸಬೇಕು, ಖರ್ಚಿಗೂ ಸ್ವಲ್ಪ ಕೊಡಬೇಕು. ಎದೆಗೆಡಬೇಡಿ ಎಂದದ್ದು ಇದಕ್ಕೇ.

ಕಾರನ್ನು ಎಳೆಸಿಕೊಂಡು ಅಂಗಳಕ್ಕೆ ಒಯ್ದ ದಿನ ಬಿಸಿಲಿತ್ತು. ಮಾಲೀಕರು ಚೆಕ್ಕು ಕೊಟ್ಟರು, ಟೀ ತರಿಸಲಿಲ್ಲ. "ನಿಮ್ಮಂಥೋರ ಹತ್ರ ವ್ಯಾಪಾರ ಮಾಡಬಾರದು ಮೇಡಂ" ಅಂದರು. ಹಿಂದೆ ಇದನ್ನು ಕೇಳಿದ್ದರೆ ಮನೆ ಸೇರುವವರೆಗೂ ನಗುತ್ತಿದ್ದೆ. ಡ್ಯಾಶ್‌ಬೋರ್ಡಿನ ಗೂಡು ಖಾಲಿ ಮಾಡಿದೆ: ಪೆಟ್ರೋಲಿನ ಚೀಟಿ, ಮಾಮಿಯ ಮಲ್ಲಿಗೆಯ ಒಣಗಿದ ದಾರ, ಆಪಾ ಇಟ್ಟಿದ್ದ ಅತ್ತರಿನ ಬಾಟ್ಲಿ. ಅದರಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು.

ಕೆ.ಆರ್. ಪುರದ ಮೆಟ್ರೋ ನಿಲ್ದಾಣದ ಬೆಂಚಿನ ಮೇಲೆ ಕೂತು ಆಪಾಗೆ ಫೋನು ಮಾಡಿದೆ. ನೋಟರಿ ದಿನದ ಮೇಲೆ ನಾವು ಮಾತಾಡಿದ್ದು ರಂಜಾನ್ ಹಬ್ಬದ ದಿನ ಒಂದೇ ಸಲ. ಆ ಹಬ್ಬಕ್ಕೆ ಅವರು ಮನೆಗೆ ಕರೆದಿರಲಿಲ್ಲ, ಶುಭಾಶಯ ಹೇಳಿ ಫೋನಿಟ್ಟಿದ್ದರು.

"ಗೆದ್ದೆ ಆಪಾ. ಹಣ ಬಂತು."

"ಕೇಳ್ದೆ. ಮಾಮಿ ಹೇಳಿದ್ರು. ಒಳ್ಳೇದಾಯ್ತು ಅಕ್ಕಾ."

"ಇನ್ನೊಂದು ಕಾರು ನೋಡಬೇಕು. ಮೂಸೋಕೆ ಯಾರಾದ್ರೂ ಬೇಕು ನನಗೆ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಇನ್ನೇನು ಹೇಳುವುದೆಂದು ತಿಳಿಯದೆ, ನಿಮ್ಮ ಅತ್ತರಿನ ಬಾಟ್ಲಿ ನನ್ನ ಹತ್ತಿರ ಉಳಿದಿದೆ ಅಂದೆ.

"ಮುಚ್ಚಳ ತೆಗೀರಿ" ಅಂದರು ಆಪಾ. ತೆಗೆದೆ. "ಮೂಸಿ. ಯಾವ್ದು ಅಂತ ಹೇಳಿ."

ಹಳದಿ ಎಣ್ಣೆ. ಬಣ್ಣ ನೋಡಿದರೆ ಚಂದನ ಎಂದು ಊಹಿಸಬಹುದಿತ್ತು. ಆಪಾ ಮೊದಲಿನಿಂದ ಯಾವುದನ್ನು ಇಷ್ಟಪಡುತ್ತಿದ್ದರು ಎಂದು ನೆನಪಿಸಿಕೊಂಡು ಹೇಳಬಹುದಿತ್ತು. ಹೇಳಿದರೆ ನೂರಕ್ಕೆ ತೊಂಬತ್ತು ಸರಿಯಾಗುತ್ತದೆ ಅನ್ನಿಸಿತು.

"ಗೊತ್ತಿಲ್ಲ ಆಪಾ" ಅಂದೆ.

ಆ ಕಡೆ ಒಲೆ ಆರಿಸಿದ ಸದ್ದು ಕೇಳಿಸಿತು.

"ಗುಲಾಬಿ" ಅಂದರು. "ಗುಲಾಬಿ ಅದು." ಅಷ್ಟು ಹೇಳಿ ಫೋನಿಟ್ಟರು.

ಗುರುವಾರ ಬರುತ್ತೀರಾ ಎಂದು ಕೇಳಬೇಕೆಂದಿದ್ದೆ, ಮತ್ತೆ ಫೋನು ಮಾಡಿ ಕೇಳಲಿಲ್ಲ. ರೈಲು ಬಂತು. ಮಧ್ಯಾಹ್ನದ ಹೊತ್ತು, ಕೂರಲು ಬೇಕಾದಷ್ಟು ಜಾಗವಿತ್ತು. ಬಾಟ್ಲಿಯ ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಪರ್ಸಿನ ಒಳಗಿನ ಜೇಬಿಗೆ ಹಾಕಿದೆ. ಎದುರು ಸೀಟಿನಲ್ಲಿ ಕೂತಿದ್ದ ಹೆಂಗಸು ತಲೆ ಎತ್ತಿ ಉಸಿರು ಎಳೆದುಕೊಂಡು, ಎಲ್ಲಿಂದ ಬಂತು ಎನ್ನುವ ಹಾಗೆ ಸುತ್ತ ನೋಡಿದಳು.